ಆಕಾಶಕ್ಕೆ ಬಿಟ್ಟ ಐದಡಿ

ಸೇಲಂ ಊರಿನ ಬಣ್ಣಗಳು ನನಗೆ ಬಾಯಿಪಾಠ. ಜನ ವಾಸವಿರುವ ಕಡೆ ಹಳದಿ, ಅಂಗಡಿ ಬೀದಿಗೆ ನೀಲಿ, ಕಾರ್ಖಾನೆಗೆ ನೇರಳೆ, ಹೊಲಗದ್ದೆಗೆ ಎಳೆ ಹಸಿರು. ಊರಿನ ಯೋಜನೆಯ ನಕ್ಷೆ ಬಿಚ್ಚಿದರೆ ಎಲ್ಲೆಲ್ಲಿ ಏನೇನು ಕಟ್ಟಬಹುದು ಅನ್ನುವುದನ್ನು ಹೀಗೆ ಬಣ್ಣ ಬಳಿದು ತೋರಿಸಿರುತ್ತಾರೆ. ಹದಿನಾರು ವರ್ಷ ಕಟ್ಟಡದ ಪ್ಲಾನ್ ಬರೆದೂ ಬರೆದೂ ನನಗೆ ಕನಸು ಕೂಡ ಅದೇ ಬಣ್ಣಗಳಲ್ಲಿ ಬೀಳುತ್ತದೆ. ಹಳದಿಯಲ್ಲಿ ನಡೆಯುತ್ತಾ ನಡೆಯುತ್ತಾ ನೀಲಿಗೆ ಕಾಲಿಡುತ್ತೇನೆ, ಪಾದವೆಲ್ಲ ನೀಲಿಯಾಗುತ್ತದೆ, ಯಾರೋ ಹಿಂದಿನಿಂದ ಮೆಲ್ಲಗೆ 'ಪರ್ಮಿಟ್ ಎಲ್ಲಮ್ಮಾ?' ಅಂತ ಕೇಳುತ್ತಾರೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಪಾದ ನೋಡಿಕೊಳ್ಳುತ್ತೇನೆ.

ನನ್ನ ಹೆಸರು ರಮಾ. ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಪುಟ್ಟ ಆಫೀಸು ಇಟ್ಟುಕೊಂಡಿದ್ದೇನೆ. ಮನೆ ಕಟ್ಟುವವರಿಗೆ ಪ್ಲಾನ್ ಬರೆದು, ಕಾರ್ಪೊರೇಷನ್ನಿಗೆ ಅರ್ಜಿ ಹಾಕಿ, ಪರ್ಮಿಟ್ ಬರುವ ತನಕ ಹಿಂದೆ ಬೀಳುವುದು ನನ್ನ ಕೆಲಸ. ಬಂದವರೆಲ್ಲ ಕುರ್ಚಿ ಎಳೆದು ಕೂರುವ ಮೊದಲೇ ಹೇಳುವ ಮಾತು ಒಂದೇ. 'ಮೇಡಂ, ಮುಂದೆ ಐದಡಿ ಬಿಡಬೇಕಂತಲ್ಲ, ಅದನ್ನೇನಾದರೂ ಮಾಡಿ.' ಏನು ಮಾಡಲಿ? ಬೀದಿಯ ಅಗಲ ನೋಡಿ ಮನೆಯ ಮುಂದೆ ಇಷ್ಟು ಜಾಗ ಬಿಡಿ ಅನ್ನುತ್ತದೆ ನಿಯಮ. ಬಿಟ್ಟ ಜಾಗದಲ್ಲಿ ಏನನ್ನೂ ಕಟ್ಟುವಂತಿಲ್ಲ, ಅದರ ಮೇಲೆ ಏನನ್ನೂ ಹೊದಿಸುವಂತಿಲ್ಲ. ಪ್ಲಾನಿನಲ್ಲಿ ಅಲ್ಲೊಂದು ಚುಕ್ಕೆ ಗೆರೆ ಎಳೆದು 'ಆಕಾಶಕ್ಕೆ ತೆರೆದ ಜಾಗ' ಎಂದು ಬರೆಯುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. 'ಗಾಳಿ ಬೆಳಕು ಬರೋದು ನಿಮ್ಮ ಮನೆಗೆ ತಾನೇ, ನನ್ನ ಮನೆಗಾ?' ಅಂತ ಎಷ್ಟು ಜನರ ಮೇಲೆ ಹರಿಹಾಯ್ದಿದ್ದೇನೋ ಲೆಕ್ಕವಿಲ್ಲ.

ಹೀಗಿರುವಾಗ ಹೋದ ಬೇಸಿಗೆಯ ಮಳೆಗೆ ನಮ್ಮ ಸಣ್ಣಕ್ಕತ್ತೆಯ ಮನೆಯ ಮುಂದಿನ ಗೋಡೆ ಬಿತ್ತು.

ಸಣ್ಣಕ್ಕತ್ತೆ ನನ್ನ ಅಪ್ಪನ ತಂಗಿ. ವಯಸ್ಸು ಅರವತ್ತಾರು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ, ಮಗ್ಗ ಇದೆ. ನಾವು ನೇಯ್ಗೆಯವರು, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮಪ್ಪ ಮಗ್ಗ ಬಿಟ್ಟು ಬಸ್ ಕಂಡಕ್ಟರ್ ಆದದ್ದರಿಂದ ನಾನು ಲಾಳಿ ಮುಟ್ಟದೆ ಬೆಳೆದೆ. ಅತ್ತೆ ಮಾತ್ರ ಗುಗೈ ಕಡೆಯ ಅದೇ ಬೀದಿಯಲ್ಲಿ, ಅದೇ ಹೆಂಚಿನ ಮನೆಯಲ್ಲಿ, ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಐವತ್ತು ವರ್ಷ ನೇಯ್ದಳು. ಗೋಡೆ ಬಿದ್ದಾಗ ದೇವರ ದಯೆಯಿಂದ ಅವಳು ನೀರು ಹಿಡಿಯಲು ಹೊರಗೆ ಹೋಗಿದ್ದಳು. ಉಳಿದ ಗೋಡೆಗಳೂ ಬಿರುಕು ಬಿಟ್ಟಿದ್ದರಿಂದ ಮನೆಯನ್ನೆಲ್ಲ ಕೆಡವಬೇಕಾಯಿತು. ಮಗ್ಗವನ್ನು ಬಿಚ್ಚಿ ಎದುರು ಮನೆಯ ವಳ್ಳಿಯಮ್ಮನ ಜಗಲಿಯಲ್ಲಿ ಟಾರ್ಪಾಲು ಹೊದಿಸಿ ಇಟ್ಟರು. ಅತ್ತೆಯೂ ಅದರ ಪಕ್ಕದಲ್ಲೇ ಚಾಪೆ ಹಾಕಿದಳು. ನಮ್ಮ ಮನೆಗೆ ಬಾ ಅಂತ ಎಷ್ಟು ಕರೆದರೂ ಬರಲಿಲ್ಲ.

"ಬೀದಿ ಬುಟ್ಟು ಬಂದ್ರೆ ನಂಗೆ ನಿದ್ದೆ ಬರಾಕಿಲ್ಲ ರಮಾ. ನೀನು ಪ್ಲಾನ್ ಬರ್ಕೊಡು, ಅಷ್ಟು ಸಾಕು. ಐಪ್ಪಸಿ ತಿಂಗ್ಳಿಗೆ ಮಗ್ಗ ನಿಂತಿರಬೇಕು."

ಐಪ್ಪಸಿ ಅಂದರೆ ದೀಪಾವಳಿಯ ತಿಂಗಳು. ನೇಯ್ಗೆಯವರ ಸೊಸೈಟಿಯವರು ಆ ತಿಂಗಳು ಬೀದಿ ಬೀದಿ ಸುತ್ತಿ, ಯಾರ ಮನೆಯಲ್ಲಿ ಮಗ್ಗ ನಿಂತಿದೆಯೋ ಅವರ ಹೆಸರನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತಾರೆ. ಪಟ್ಟಿಯಲ್ಲಿದ್ದವರಿಗೆ ನೂಲು. ಒಂದು ಸಲ ಹೆಸರು ಬಿದ್ದುಹೋದರೆ ಅರವತ್ತಾರರ ಹೆಂಗಸನ್ನು ಮತ್ತೆ ಸೇರಿಸಿಕೊಳ್ಳುವವರು ಯಾರು? ಅತ್ತೆಗೆ ಅದೊಂದೇ ಚಿಂತೆ. ಜಗಲಿಯ ಮೇಲೆ ಕೂತಾಗಲೂ ಅವಳ ಎರಡು ಪಾದ ಒಂದಾದ ಮೇಲೊಂದು, ಮಗ್ಗದ ಮೆಟ್ಟು ತುಳಿದ ಹಾಗೆ, ಮೆಲ್ಲಗೆ ಗಾಳಿ ತುಳಿಯುತ್ತಿದ್ದವು. 'ಕಾಲು ಮರ್ತೋಗ್ಬಾರ್ದಲ್ಲ' ಅನ್ನುತ್ತಿದ್ದಳು.

ಜೂನ್ ಕೊನೆಗೆ, ಆನಿ ತಿಂಗಳ ಒಂದು ಮಧ್ಯಾಹ್ನ ಟೇಪು, ನಕ್ಷೆ ಎಲ್ಲ ಹಿಡಿದು ಹೋದೆ. ಸುಡು ಬಿಸಿಲು, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಬಿದ್ದ ಮನೆಯ ಜಾಗ ಅಳೆದರೆ ಹನ್ನೊಂದು ಅಡಿ ಅಗಲ, ಮೂವತ್ತನಾಲ್ಕು ಅಡಿ ಉದ್ದ. ವಳ್ಳಿಯಮ್ಮನ ಜಗಲಿಯಲ್ಲಿ ನಕ್ಷೆ ಹಾಸಿದೆ. ಅತ್ತೆ ಕನ್ನಡಕ ಏರಿಸಿ ಬಗ್ಗಿದಳು.

"ನಮ್ ಬೀದಿ ಯಾವ ಬಣ್ಣ?"

"ಅರಿಶಿನ. ಮನೆ ಕಟ್ಟೋ ಜಾಗ ಅಂತ."

"ಮನೆ ಸರಿ, ಮಗ್ಗಕ್ಕೆ ಏನ್ ಬಣ್ಣ?"

"ಕೈಮಗ್ಗಕ್ಕೆ ಬೇರೆ ಬಣ್ಣ ಇಲ್ಲ ಅತ್ತೆ. ಮನೆಯೊಳಗೆ ಕರೆಂಟ್ ಮೋಟರ್ ಇಲ್ದೆ ಮಾಡೋ ಕೆಲಸ, ಅರಿಶಿನದೊಳಗೇ ಇರ್ಬೋದು. ಪ್ಲಾನಲ್ಲಿ ಮಗ್ಗದ ಕೋಣೆ ಅಂತಾನೇ ಬರೀತೀನಿ, ಬಚ್ಚಿಡೋದೇನೂ ಇಲ್ಲ."

ಅವಳ ಮುಖ ಅರಳಿತು. ಬೆರಳಿನಿಂದ ಹಳದಿಯನ್ನು ಸವರಿ ಸವರಿ ನೋಡಿದಳು. ಬಣ್ಣ ಚೆನ್ನಾಗಿ ಹತ್ತಿದೆಯೇ ಅಂತ ನೂಲು ನೋಡುವವರ ಹಾಗಿತ್ತು ಅದು. ನಾನು ಐದಡಿಯ ಮಾತು ಎತ್ತಿದ ಕೂಡಲೇ ಆ ಬೆರಳು ನಿಂತಿತು.

"ಐದಡಿ ಬಿಡೋದಾ? ಯಾರಿಗೆ?"

"ಯಾರಿಗೂ ಅಲ್ಲ. ಜಾಗ ನಿಂದೇ, ಪಟ್ಟಾ ನಿಂದೇ. ಮೇಲೆ ಏನೂ ಇರಬಾರ್ದು ಅಷ್ಟೇ. ಆಕಾಶ ಕಾಣ್ಬೇಕು."

"ನಂದೇ ಜಾಗ, ನಾನು ಆಕಾಶಕ್ಕೆ ಯಾಕ್ ಬುಡ್ಬೇಕು? ಅಕ್ಕಪಕ್ಕದೋರೆಲ್ಲ ಬೀದಿ ತನಕ ಕಟ್ಟವ್ರೆ, ಕಾಣಾಕಿಲ್ವಾ ನಿಂಗೆ?"

ಕಾಣುತ್ತಿತ್ತು. ಎಡಕ್ಕೆ ಕಾಳಿಯಪ್ಪನ್ ಮನೆ, ಬಲಕ್ಕೆ ಇನ್ನೊಂದು, ಎಲ್ಲ ಹಳೆಯ ಕಾಲದಲ್ಲಿ ಬೀದಿಯ ಅಂಚಿಗೆ ಮೂಗು ತಾಗಿಸಿ ಕಟ್ಟಿದವು. ಅವೂ ಒಂದು ದಿನ ಹಳತಾಗಿ ಕೆಡವಿ ಕಟ್ಟುವಾಗ ಇದೇ ಐದಡಿ ಬಿಡಬೇಕಾಗುತ್ತದೆ ಅಂತ ಹೇಳಿದೆ. "ಒಂದೊಂದೇ ಮನೆ ಇಂದಕ್ಕೆ ಸರೀತಾ ಓಗ್ತೈತೆ ಅತ್ತೆ. ಎಲ್ಲಾ ಸರಿದ ಮೇಲೆ ಬೀದಿ ಉದ್ದಕ್ಕೂ ಒಂದು ಪಟ್ಟಿ ಖಾಲಿ ಇರ್ತೈತೆ. ಗೋಡೆ ಇಲ್ಲ, ಮೆಟ್ಲಿಲ್ಲ, ಮೇಲೆ ಬರೀ ಆಕಾಶ."

ಅತ್ತೆ ನಕ್ಷೆಯಿಂದ ಕೈ ತೆಗೆದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ ಬೀದಿಯ ಕೊನೆಯ ಕಡೆ ನೋಡುತ್ತಾ, ಅಲ್ಲಿ ಯಾರೋ ಬರುತ್ತಿದ್ದಾರೆ ಅನ್ನುವ ದನಿಯಲ್ಲಿ, "ಪಾವಡಿ" ಅಂದಳು.

ಮಗ್ಗಕ್ಕೆ ಏರಿಸುವ ಉದ್ದ ನೂಲನ್ನು, ಹಾಸನ್ನು, ನಮ್ಮ ಬೀದಿಯಲ್ಲಿ ಪಾವು ಅನ್ನುತ್ತಾರೆ. ಅದನ್ನು ಬಯಲಿನಲ್ಲಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವುದರೊಳಗೆ ಒಣಗಿಸಬೇಕು. ಅದಕ್ಕೆಂದೇ ಬಿಟ್ಟ ಸಾಮೂಹಿಕ ಬಯಲು ಪಾವಡಿ. ನಾನು ಹುಟ್ಟುವ ಹೊತ್ತಿಗೆ ನಮ್ಮ ಬೀದಿಯ ಪಾವಡಿ ಹೆಸರಿಗಷ್ಟೇ ಉಳಿದಿತ್ತು. ಈಗ ಅಲ್ಲಿ ಕಲ್ಯಾಣ ಮಂಟಪವಿದೆ, ನೀರಿನ ಟ್ಯಾಂಕಿದೆ, ವ್ಯಾನುಗಳು ನಿಲ್ಲುತ್ತವೆ. ಅತ್ತೆ ಮಾತ್ರ ಅದನ್ನು ಈಗಲೂ ಇದೆ ಅನ್ನುವ ಹಾಗೆ ಹೇಳಿದಳು. ಬೆಳಕು ಹರಿಯುವ ಮೊದಲೇ ಗಂಡಸರು ನೂಲು ಎತ್ತಿ ಹಿಡಿಯುವ ಬಿದಿರಿನ ಕತ್ತರಿಗಾಲು ಹೊತ್ತು ಹೊರಡುವುದು. ಈ ಕೊನೆಯಿಂದ ಆ ಕೊನೆಗೆ ನೂಲು ಎಳೆಯುವುದು. ಗಂಜಿಯ ಹುಳಿ ವಾಸನೆ. ಅವಳು ಐದು ವರ್ಷದ ಹುಡುಗಿ, ಎಳೆದ ನೂಲಿನ ಕೆಳಗೆ ತೂರಿಕೊಂಡು ಅಂಗಾತ ಮಲಗುವುದು. ಮೇಲೆ ಸಾವಿರ ಎಳೆ ಬಿಳಿ ನೂಲು, ಎಳೆ ಎಳೆಯ ನಡುವೆ ಆಕಾಶ. ನೂಲು ಗಾಳಿಗೆ ಉಸಿರಾಡಿದ ಹಾಗೆ ಏಳುವುದು, ಇಳಿಯುವುದು. ಆಗ ಅವಳಿಗೆ ಆಕಾಶವನ್ನೂ ಯಾರೋ ನೇಯುತ್ತಾರೆ ಅಂತಲೇ ನಂಬಿಕೆ.

"ಪಾವಡಿ ಅಂಚಿನ್ ಮನೆಯೋರು ಮೂರು ಮೊಳ ಬುಡ್ಬೇಕಿತ್ತು" ಅಂದಳು. "ಮೆಟ್ಲು ಆಕಂಗಿಲ್ಲ, ಚಪ್ಪರ ಆಕಂಗಿಲ್ಲ. ಪಾವಿಗೆ ಬಿಸಿಲು ಬೀಳ್ಬೇಕು ಅಂತ. ನಮ್ ತಾತ ಯಾರ್ ಮನೆ ಮೆಟ್ಲಾದ್ರೂ ಮುಂದಕ್ಕೆ ಬಂದ್ರೆ ಕೋಲ್ ಇಡ್ಕೊಂಡು ಓಗ್ತಿದ್ದ. ನಿಮ್ ಆಫೀಸ್‌ನೋರು ಈಗ ಅದ್ನೇ ಕೇಳ್ತಾವ್ರೆ. ಸರಿ, ಬರ್ಕೋ. ಬುಡ್ತೀನಿ."

ಹದಿನಾರು ವರ್ಷದಲ್ಲಿ ಐದಡಿ ಬಿಡಲು ಸಂತೋಷದಿಂದ ಒಪ್ಪಿದ ಮೊದಲ ಗಿರಾಕಿ ನನ್ನ ಅತ್ತೆಯೇ. ನಾನು ಬೀಗಿದೆ. ಎಷ್ಟು ಚೆನ್ನಾಗಿ ತಿಳಿಸಿ ಹೇಳಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ಲಾನ್ ಬರೆದೆ. ಮುಂದೆ ಐದಡಿ ತೆರೆದ ಜಾಗ, ಅದರ ಹಿಂದೆ ಮಗ್ಗದ ಕೋಣೆ, ಆಮೇಲೆ ಮಲಗುವ ಕೋಣೆ, ಅಡುಗೆಮನೆ, ಕೊನೆಗೆ ಬಚ್ಚಲು. ಅತ್ತೆಯ ಮಗ್ಗಕ್ಕೆ ಹಿಂದಿನಿಂದ ಮುಂದಿನವರೆಗೆ ಹತ್ತಡಿ ಬೇಕು. ಕೋಣೆಗೆ ಹತ್ತೂವರೆ ಕೊಟ್ಟೆ. ಇಂಚು ಇಂಚಿಗೂ ಲೆಕ್ಕ. ಆಡಿ ತಿಂಗಳ ಕೊನೆಗೆ, ಆಗಸ್ಟ್ ನಡುವಿಗೆ, ಪರ್ಮಿಟ್ ಬಂತು. ಆವಣಿ ಹುಟ್ಟಿದ ಕೂಡಲೇ ಮುತ್ತುಸ್ವಾಮಿ ಮೇಸ್ತ್ರಿ ಪಾಯದ ಗೆರೆಗೆ ಸುಣ್ಣ ಹಾಕಿದ. ಐಪ್ಪಸಿಗೆ ಇನ್ನೂ ಎರಡು ತಿಂಗಳು, ಧಾರಾಳ ಸಮಯವಿತ್ತು.

ಆ ವಾರವೇ ನಾನು ಕಂಬೈನಲ್ಲೂರಿಗೆ ಹೋಗಬೇಕಾಯಿತು. ಅಲ್ಲಿ ಚಿಕ್ಕಮುನಿಯಪ್ಪ ಅಂತ ಕುರಿ ಸಾಕುವ ದೊಡ್ಡ ಮನುಷ್ಯ, ಅವರೂ ಕನ್ನಡದವರೇ, ಹೊಲದ ನಡುವೆ ಮಗಳಿಗೆ ಮನೆ ಕಟ್ಟಿಸಬೇಕು ಅಂತಿದ್ದರು. ಹೊಲ ಎಳೆ ಹಸಿರು, ಅಲ್ಲಿ ಮನೆ ಬೇಕಾದರೆ ಬೇರೆಯೇ ಅರ್ಜಿ. ನಾಲ್ಕು ದಿನ ಅವರ ಹಟ್ಟಿಯ ಪಕ್ಕ ಟೇಪು ಹಿಡಿದು ಅಲೆದೆ. ಅಲ್ಲಿ ಐದಡಿ ಬಿಡಿ ಅಂದರೆ ಅವರು ದಿಗಂತದ ತನಕ ಕೈ ಬೀಸಿ 'ಎಷ್ಟು ಬೇಕೋ ಬುಡಮ್ಮ' ಅಂತ ನಕ್ಕರು. ಕುರಿಗಳ ನಡುವೆ ಕೂತು ರಾಗಿ ಮುದ್ದೆ ಉಂಡು, ಹಸಿರು ಕನಸು ಕಂಡು ತಿರುಗಿ ಬಂದೆ.

ಬಂದು ನೋಡಿದರೆ ಅತ್ತೆಯ ಜಾಗದಲ್ಲಿ ಮುಂದಿನ ಪಾಯಕ್ಕೆ ಕಾಂಕ್ರೀಟು ಬಿದ್ದು ಒಣಗಿತ್ತು. ನೋಡಿದ ಕೂಡಲೇ ನನ್ನ ಕಣ್ಣಿಗೆ ಏನೋ ಹೊಂದಲಿಲ್ಲ. ಟೇಪು ಹಿಡಿದೆ. ಐದಡಿ ಅಲ್ಲ, ಆರಡಿ.

"ಮೇಸ್ತ್ರಿ! ಏನ್ರೀ ಇದು? ಪ್ಲಾನ್ ಓದೋಕೆ ಬರಲ್ವಾ ನಿಮಗೆ?"

ಮುತ್ತುಸ್ವಾಮಿ ತಲೆ ಕೆರೆದುಕೊಂಡು ತಮಿಳಿನಲ್ಲಿ, ನಾನು ಐದಕ್ಕೇ ಸುಣ್ಣ ಹಾಕಿದ್ದೆನಮ್ಮಾ, ಅಮ್ಮನೇ ಅಳಿಸಿ ಹೊಸ ಗೆರೆ ಹಾಕಿಸಿದರು, ಅವರ ಮನೆ, ನಾನೇನು ಹೇಳಲಿ ಅಂದ. ಹಿಂದೆ ತಿರುಗಿದರೆ ಅತ್ತೆ ನೇಯ್ಗೆಯವರ ಮೊಳಕೋಲು ಹಿಡಿದು ನಿಂತಿದ್ದಾಳೆ. ಮುಖದಲ್ಲಿ ತಪ್ಪು ಮಾಡಿದ ಗುರುತೇ ಇಲ್ಲ.

"ಐದಡಿ ಅಂದ್ರೆ ಮೂರು ಮೊಳ ಎಂಟು ಬೆರಳು ತಾನೇ? ಅದ್ಕೆ ಮೊಳಕ್ಕೆ ನಾಕ್ ಬೆರಳು ಸೇರಿಸ್ದೆ. ಕೈತಪ್ಪಿಗೆ ಎರಡು ಬೆರಳು."

"ಯಾಕ್ ಸೇರಿಸ್ದೆ?"

"ಯಾಕೇನು? ಕುಗ್ತೈತಲ್ಲ!"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನೂಲು ನೇಯುವಾಗ ಕುಗ್ಗುತ್ತದೆ. ಆರು ಗಜದ ಸೀರೆ ಬೇಕಾದರೆ ಆರು ಗಜ ಪಾವು ಸಾಲದು, ಮೊಳಕ್ಕಿಷ್ಟು ಅಂತ ಹೆಚ್ಚಿಗೆ ಎಳೆಯಬೇಕು. ಐವತ್ತು ವರ್ಷ ಯಾವ ಅಳತೆಯನ್ನೂ ಕರಾರುವಾಕ್ಕಾಗಿ ಕೊಡದ ಕೈ ಅದು. ನೆಲ ಅಳೆಯುವಾಗಲೂ ಅದೇ ಕೈ ತಾನೇ ತಾನಾಗಿ ಮುಂದಕ್ಕೆ ಸರಿದಿದೆ.

ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಕಾಂಕ್ರೀಟು ಕುಗ್ಗುತ್ತಾ? ಕಲ್ಲು ಕುಗ್ಗುತ್ತಾ? ಒಂದಡಿ ಹಿಂದೆ ಬಂದದ್ದಕ್ಕೆ ಮಗ್ಗದ ಕೋಣೆ ಒಂಬತ್ತೂವರೆ ಆಗಿದೆ, ನಿನ್ನ ಮಗ್ಗ ಈಗ ಎಲ್ಲಿ ನಿಲ್ಲಿಸುತ್ತೀಯ, ನನ್ನ ತಲೆ ಮೇಲಾ? ಇಡೀ ಬೀದಿ ಬಾಗಿಲಿಗೆ ಬಂತು. ಕಾಳಿಯಪ್ಪನ್ ಬನಿಯನ್ನಿನಲ್ಲೇ ಹೊರಗೆ ಬಂದು ನಿಂತ. ಕೂಗಾಡಿ ಸುಸ್ತಾಗಿ ಮೇಸ್ತ್ರಿಗೆ ಹೇಳಿದೆ, "ಒಡೆಯಿರಿ. ಎರಡು ದಿನದ ಕೆಲಸ. ಐದಡಿಗೆ ತನ್ನಿ."

"ಒಡೀಬ್ಯಾಡ" ಅಂದಳು ಅತ್ತೆ.

"ಅತ್ತೆ, ಒಡೀದೆ ಇದ್ರೆ ನಡುವಿನ ಗೋಡೆ ಇಂದಕ್ಕೆ ತಳ್ಳಬೇಕು. ನೀನು ಮಲಗೋ ಕೋಣೆ ಸಣ್ಣದಾಗ್ತೈತೆ. ಪ್ಲಾನ್ ತಿದ್ದಿ ಮತ್ತೆ ಆಫೀಸಿಗೆ ಕೊಡ್ಬೇಕು, ಅವ್ರು ಒಪ್ಪೋ ತನಕ ಕೆಲಸ ನಿಲ್ಲಿಸ್ಬೇಕು. ಎಷ್ಟು ದಿನ ಆಗ್ತೈತೋ ನಂಗೇ ಗೊತ್ತಿಲ್ಲ. ಐಪ್ಪಸಿ ಬಂದುಬಿಡ್ತೈತೆ. ನಿಂಗೆ ಮಗ್ಗ ಬೇಕಾ, ಒಂದಡಿ ಮಣ್ಣು ಬೇಕಾ?"

ಅವಳು ಮೊಳಕೋಲನ್ನು ಕಾಳಿಯಪ್ಪನ್ ಮನೆಯ ಗೋಡೆಗೆ ಒರಗಿಸಿದಳು. ಕಲ್ಯಾಣ ಮಂಟಪದ ಕಡೆ ಕೈ ತೋರಿಸಿದಳು. ದನಿ ಏರಿಸಲಿಲ್ಲ.

"ಪಾವಡಿ ಎಷ್ಟು ದೊಡ್ಡದಿತ್ತು ಅಂತ ನೀನ್ ನೋಡಿಲ್ಲ. ನಾನ್ ನೋಡಿವ್ನಿ. ನನ್ ಮದ್ವೆ ಒತ್ಗೆ ಅರ್ಧ ಆಯ್ತು. ನಿಮ್ಮಪ್ಪ ಬಸ್ಸಿಗೆ ಓದಾಗ ಕಾಲು ಭಾಗ ಆಯ್ತು. ಈಗ ಏನೂ ಇಲ್ಲ. ಒಬ್ರೂ ಕದ್ದಿಲ್ಲ ರಮಾ, ಒಬ್ರೂ ಕೆಟ್ಟೋರಲ್ಲ. ಎಲ್ರೂ ಒಂದೊಂದು ಮೆಟ್ಲು, ಒಂದೊಂದು ಚಪ್ಪರ. ನೂಲು ಒಂದೇನಾ ಕುಗ್ಗೋದು? ನೆಲಾನೂ ಕುಗ್ತೈತೆ. ನಾನು ಸತ್ಮೇಲೆ ಈ ಮನೆಗೆ ಯಾರ್ ಬರ್ತಾರೋ, ಅವ್ರು ಒಂದು ಮೆಟ್ಲು ಆಕ್ತಾರೆ. ಆಕಿದ್ ಮೇಲೂ ಐದಡಿ ಉಳೀಲಿ."

ಟೇಪು ಸುತ್ತಿ ಚೀಲಕ್ಕೆ ತುರುಕಿದೆ. ಮಾತಿನಲ್ಲಿ ಸೋತಾಗ ನನಗೆ ಇನ್ನಷ್ಟು ಕೋಪ ಬರುತ್ತದೆ. 'ನಿನ್ನಿಷ್ಟ, ಮಗ್ಗ ಹೋದರೆ ನನ್ನ ಕೇಳಬೇಡ' ಅಂದು ಸ್ಕೂಟಿ ಹತ್ತಿ ಹೊರಟುಬಿಟ್ಟೆ.

ಆಫೀಸಿನಲ್ಲಿ ಕರೆಂಟ್ ಹೋಗಿತ್ತು. ಮೂರು ಗಂಟೆಯ ಬಿಸಿಲು ಪರದೆಯ ಸಂದಿನಿಂದ ಮೇಜಿನ ಮೇಲೆ ಬಿದ್ದಿತ್ತು. ನಕ್ಷೆಯ ಮೇಲೆ ತಲೆಯಿಟ್ಟವಳಿಗೆ ಹಾಗೇ ಜೊಂಪು ಹತ್ತಿತು. ಕನಸಿನಲ್ಲಿ ಊರೆಲ್ಲ ನಿಶ್ಶಬ್ದ. ಮನೆಗಳು ಒಂದೊಂದಾಗಿ, ಎಮ್ಮೆಗಳು ಎದ್ದು ಜಾಗ ಬಿಡುವ ಹಾಗೆ, ಸಾವಕಾಶವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಗುಗೈಯಲ್ಲಿ, ಅಮ್ಮಾಪೇಟೆಯಲ್ಲಿ, ನಾನು ಪ್ಲಾನ್ ಬರೆದುಕೊಟ್ಟ ಎಲ್ಲ ಬೀದಿಗಳಲ್ಲಿ. ಸರಿದ ಜಾಗದಲ್ಲಿ ನಾನೇ ಎಳೆದ ಚುಕ್ಕೆ ಗೆರೆಗಳು ಕಾಗದ ಬಿಟ್ಟು ಮೇಲೆದ್ದವು. ಚುಕ್ಕೆ ಚುಕ್ಕೆ ಕೂಡಿ ನೂಲಾದವು. ಒಂದು ಮನೆಯ ನೂಲು ಮುಂದಿನ ಮನೆಯದಕ್ಕೆ ಗಂಟು ಬಿದ್ದು ಊರಿನ ಈ ಕೊನೆಯಿಂದ ಯೇರ್ಕಾಡು ಬೆಟ್ಟದ ಬುಡದ ತನಕ ಒಂದೇ ಪಾವು. ಅದರ ಕೆಳಗೆ ಐದು ವರ್ಷದ ಹುಡುಗಿಯೊಬ್ಬಳು ಅಂಗಾತ ಮಲಗಿದ್ದಳು. ಅವಳು ಅತ್ತೆಯೋ ನಾನೋ ತಿಳಿಯಲಿಲ್ಲ. ನೂಲಿನ ನಡುವೆ ಕಂಡ ಆಕಾಶಕ್ಕೆ ನನ್ನ ನಕ್ಷೆಯ ಯಾವ ಬಣ್ಣವೂ ಇರಲಿಲ್ಲ. ಎಚ್ಚರವಾದಾಗ ಫ್ಯಾನು ತಿರುಗುತ್ತಿತ್ತು, ನನ್ನ ಕೆನ್ನೆಯ ಮೇಲೆ ನಕ್ಷೆಯ ಮಡಿಕೆ ಮೂಡಿತ್ತು. ಯಾಕೋ ಅಳು ಬಂತು.

ಮುಖ ತೊಳೆದು ಬಂದು ಪ್ಲಾನ್ ತಿದ್ದಲು ಕೂತೆ. ಮಲಗುವ ಕೋಣೆಯನ್ನು ಒಂದಡಿ ಕಿರಿದು ಮಾಡಿದೆ. ಮುಂದೆ 'ಆರು ಅಡಿ' ಅಂತ ಬರೆದೆ. ಸಂಜೆಯೊಳಗೆ ಅರ್ಜಿ ಹಾಕಿದೆ. ಅತ್ತೆಗೆ ಫೋನ್ ಮಾಡಿ, "ಮಲಗೋ ಕೋಣೆ ಏಳಡಿ ಆಗೈತೆ, ಆಮೇಲೆ ಗೊಣಗಬ್ಯಾಡ" ಅಂದೆ. "ನಾನು ಐದಡಿ ಇಲ್ಲ, ನಂಗ್ಯಾಕೆ ಎಂಟಡಿ?" ಅಂದಳು. ದನಿಯಲ್ಲಿ ನಗು ಇತ್ತು. ಅಲ್ಲಿಗೆ ನಮ್ಮ ಜಗಳ ಮುಗಿಯಿತು.

ಕಾಯುವುದು ಮಾತ್ರ ಮುಗಿಯಲಿಲ್ಲ. ಆವಣಿ ಹೋಯಿತು, ಐಪ್ಪಸಿಯ ಹಿಂದಿನ ಪುರಟ್ಟಾಸಿಯೂ ಅರ್ಧ ಕಳೆಯಿತು. ಅಗೆದ ಗುಂಡಿಗಳಲ್ಲಿ ಮಳೆ ನೀರು ನಿಂತು ಕಪ್ಪೆ ಕೂಗಿದವು. ಅತ್ತೆ ಜಗಲಿಯಲ್ಲಿ ಕೂತು ಗಾಳಿ ತುಳಿಯುತ್ತಲೇ ಇದ್ದಳು. ವಳ್ಳಿಯಮ್ಮ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಇವಳು ಬೆಳಗಿನ ಜಾವ ಟಾರ್ಪಾಲು ಎತ್ತಿ ಮಗ್ಗದ ಮರ ಸವರಿ ಮತ್ತೆ ಮುಚ್ಚುತ್ತಾಳೆ ಅಂದಳು. ಅಂದಿನಿಂದ ದಿನಕ್ಕೆರಡು ಸಲ ಕಾರ್ಪೊರೇಷನ್ ಆಫೀಸಿಗೆ ಹೋಗಿ ನಿಂತೆ.

ಕೊನೆಗೊಂದು ಬೆಳಿಗ್ಗೆ ಕಾರ್ಪೊರೇಷನ್ನಿನಿಂದ ಕಲೈವಾಣಿ ಅನ್ನುವ ಇಂಜಿನಿಯರ್ ಹುಡುಗಿ ಜಾಗ ನೋಡಲು ಬಂದಳು. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲವಂತೆ. ಟೇಪು ಹಿಡಿದಳು, ಪ್ಲಾನ್ ನೋಡಿದಳು, ಮತ್ತೆ ಟೇಪು ಹಿಡಿದಳು.

"ಮೇಡಂ, ನಿಯಮಕ್ಕಿಂತ ಒಂದಡಿ ಹೆಚ್ಚಿಗೆ ಬಿಟ್ಟಿದ್ದೀರಲ್ಲ!" ಅಂತ ತಮಿಳಿನಲ್ಲಿ ಕೇಳಿದಳು. "ಕಡಿಮೆ ಬಿಟ್ಟವರನ್ನು ದಿನಾ ನೋಡ್ತೀನಿ. ಇದು ಮೊದಲ ಸಲ. ಕಾಂಪೌಂಡ್ ಗೋಡೆಯೂ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದಳು. "ಕಣ್ಣು, ಇದು ಪಾವಡಿ" ಅಂದಳು, ಮಗಳೇ ಅನ್ನುವ ಹಾಗೆ. ಆಮೇಲೆ ಅವಳ ತಮಿಳಿನಲ್ಲಿ, ನೂಲು, ಗಂಜಿ, ಕತ್ತರಿಗಾಲು, ತಾತನ ಕೋಲು ಎಲ್ಲ ಹೇಳಿದಳು. ಹುಡುಗಿ ಫೈಲು ಎದೆಗವಚಿ ಕೇಳಿದಳು. ಹನ್ನೊಂದು ಅಡಿ ಅಗಲದ ಈ ತುಂಡಿನಲ್ಲಿ ಪಾವು ಎಳೆಯಲು ಆಗುತ್ತದಾ ಅಜ್ಜಿ ಅಂತ ಕೇಳಿದಳು. ಆಗುವುದಿಲ್ಲ, ಅದಕ್ಕೆ ಏಳೆಂಟು ಮನೆಯಾದರೂ ಸರಿಯಬೇಕು, ಅಷ್ಟರಲ್ಲಿ ನಾನಿರುವುದಿಲ್ಲ ಅಂದಳು ಅತ್ತೆ. ಅಂದು ನಕ್ಕಳು. ಕಲೈವಾಣಿ ನಗಲಿಲ್ಲ. ಎಡಕ್ಕೆ ಕಾಳಿಯಪ್ಪನ್ ಮನೆ, ಬಲಕ್ಕೆ ಇನ್ನೊಂದು ಮನೆ ನೋಡಿ, ಏನೋ ಬರೆದುಕೊಂಡು ಹೋದಳು. ನಾಲ್ಕನೆಯ ದಿನ ತಿದ್ದಿದ ಪ್ಲಾನಿಗೆ ಒಪ್ಪಿಗೆ ಬಂತು.

ಆಮೇಲೆ ಮುತ್ತುಸ್ವಾಮಿ ಹಗಲೆಲ್ಲ ದುಡಿದ. ಗೋಡೆಗೆ ಗಿಲಾವಿಲ್ಲ, ಕಿಟಕಿಗೆ ಬಾಗಿಲಿಲ್ಲ, ಆದರೂ ಮಗ್ಗದ ಕೋಣೆಗೆ ಮಾಡು ಬಿತ್ತು. ನೆಲದಲ್ಲಿ ಗುಂಡಿ ತೋಡಿದರು. ಬೀದಿಯ ನಾಲ್ವರು ಬಂದು ಮಗ್ಗ ಕೂರಿಸಿದರು. ಹಿಂದೆ ಮುಂದೆ ಮೂರು ಮೂರು ಇಂಚು ಉಳಿಯಿತು. ಸೊಸೈಟಿಯವರು ಬಂದ ದಿನ ಅತ್ತೆ ಹಸಿ ಸಿಮೆಂಟಿನ ವಾಸನೆಯ ನಡುವೆ ಗುಂಡಿಗೆ ಕಾಲಿಳಿಸಿ ಕೂತಿದ್ದಳು. ಲಾಳಿಯ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು. ಅವರು ಹೆಸರು ಕೂಗಿ, ಗುರುತು ಹಾಕಿ, ಮುಂದಿನ ಮನೆಗೆ ಹೋದರು. ನಾನು ಬಾಗಿಲಲ್ಲಿ ನಿಂತು ಅವಳ ಕಾಲುಗಳನ್ನೇ ನೋಡಿದೆ. ಅವು ಏನನ್ನೂ ಮರೆತಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಮುಗಿದಿದ್ದರೆ ನನಗೂ ಚೆನ್ನಾಗಿರುತ್ತಿತ್ತು.

ಕಾರ್ತಿಕದ ಒಂದು ಭಾನುವಾರ ಹತ್ತು ಗಂಟೆಗೆ ಅತ್ತೆ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಹೊಸ ಮನೆಯಲ್ಲಿ ನೇಯ್ದ ಮೊದಲ ಬಟ್ಟೆ, ಜರಿಯಂಚಿನ ಬಿಳಿ ಪಂಚೆ, ನನ್ನ ಗಂಡ ಗೋವಿಂದರಾಜ್‌ಗೆ ಅಂತ ತಂದಿದ್ದಳು. ನಮ್ಮ ಮನೆ ಓಮಲೂರು ರಸ್ತೆ ಕಡೆಯ ಹೊಸ ಲೇಔಟಿನಲ್ಲಿದೆ. ಕಟ್ಟಿ ಮೂರು ವರ್ಷ. ಪ್ಲಾನ್ ಬರೆದವಳು ನಾನೇ. ಗೃಹಪ್ರವೇಶಕ್ಕೆ ಬಂದು ಹೋದ ಮೇಲೆ ಅತ್ತೆ ಈ ಕಡೆ ಬಂದಿರಲಿಲ್ಲ. ಗೇಟು ತೆಗೆದು ಒಳಗೆ ಕಾಲಿಟ್ಟವಳು ಹಾಗೇ ನಿಂತು ತಲೆ ಎತ್ತಿ ನೋಡಿದಳು.

ಮೇಲೆ ನೀಲಿ ಶೀಟು. ಗೃಹಪ್ರವೇಶ ಮುಗಿದು ಕಾರ್ಪೊರೇಷನ್ನಿನವರು ನೋಡಿಕೊಂಡು ಹೋದ ಹದಿನೈದನೇ ದಿನಕ್ಕೆ, ಗೋಡೆಯಿಂದ ಗೇಟಿನ ತನಕ, ಕಬ್ಬಿಣದ ಕಂಬ ನೆಟ್ಟು ನಾನೇ ಹಾಕಿಸಿದ್ದು.

"ಇದು ನಿನ್ ಐದಡಿ ಅಲ್ವಾ ರಮಾ?"

"ಊಂ."

"ಶೀಟು ಆಕ್ಸಿದ್ದೀಯಾ?"

"ಸ್ಕೂಟಿ ನೆನೀತೈತೆ ಅಂತ ಅತ್ತೆ. ಎಲ್ರೂ ಆಕವ್ರೆ ಇಲ್ಲಿ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅತ್ತೆ ಬೈಯಲಿಲ್ಲ. ಹೌದೌದು ಅನ್ನುವ ಹಾಗೆ ತಲೆ ಆಡಿಸಿದಳು. "ಚೆನ್ನಾಗೈತೆ, ನೆಳ್ಳು ಬಿದ್ದೈತೆ" ಅಂದಳು. ಮಾತಿನಲ್ಲಿ ಕುಟುಕು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ನಾನು ಒಳಗಿನಿಂದ ಕುರ್ಚಿ ತಂದು ಶೀಟಿನ ಕೆಳಗೆ ಹಾಕಿ ಕಾಫಿ ಮಾಡಲು ಹೋದೆ. ಲೋಟ ಹಿಡಿದು ಬಂದರೆ ಕುರ್ಚಿ ಅಲ್ಲಿರಲಿಲ್ಲ. ಅತ್ತೆ ಅದನ್ನು ಎತ್ತಿಕೊಂಡು ಹೋಗಿ, ಗೇಟಿನ ಆಚೆ, ರಸ್ತೆಯ ಅಂಚಿನಲ್ಲಿ ಹಾಕಿಕೊಂಡು ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಕಣ್ಣು ಮುಚ್ಚಿತ್ತು. ಪಾದ ಆಡುತ್ತಿತ್ತು.

"ಇಲ್ಲೇ ಕೊಡವ್ವ" ಅಂದಳು. "ಇಲ್ಲಿ ಬೆಳಕೈತೆ."

ಪಕ್ಕದ ಮನೆಯವರು ಕಾರು ತೆಗೆಯಲು ಬಂದು, ಮುದುಕಿಯನ್ನು ರಸ್ತೆಯಲ್ಲಿ ಕೂರಿಸಿದ್ದಾರಲ್ಲ ಅಂತ ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು. ಅವರು ನೋಡಿದ್ದಕ್ಕಲ್ಲ. ಹದಿನಾರು ವರ್ಷ ಊರಿನವರ ಮೇಲೆಲ್ಲ ಹರಿಹಾಯ್ದವಳು ನಾನು, ನನ್ನ ಅತ್ತೆಗೆ ನನ್ನ ಮನೆಯಲ್ಲಿ ಬಿಸಿಲು ಕಾಯಿಸಿಕೊಳ್ಳಲು ಒಂದು ಕುರ್ಚಿಯಷ್ಟು ಜಾಗವಿರಲಿಲ್ಲ.

ಅವಳನ್ನು ಬಸ್ಸು ಹತ್ತಿಸಿ ಬಂದು ಮುತ್ತುಸ್ವಾಮಿ ಮೇಸ್ತ್ರಿಗೆ ಫೋನ್ ಮಾಡಿದೆ. ಒಂದು ಮನೆಯ ಮುಂದಿನ ಶೀಟು ಬಿಚ್ಚಿ ಕಂಬ ಕೀಳಬೇಕು, ನಾಳೆ ಬರ್ತೀರಾ ಅಂದೆ. ಯಾರೋ ಕಂಪ್ಲೇಂಟ್ ಕೊಟ್ಟಿರಬೇಕು ಅಂದುಕೊಂಡನೋ ಏನೋ, ಅವನು ಪಾಪ ಅನ್ನುವ ದನಿಯಲ್ಲಿ ಕೇಳಿದ.

"ಯಾರ ಮನೇದಮ್ಮಾ?"

"ನಂದೇ" ಅಂದೆ.